ತಡ್ಕೋ

ನಮ್ಮ ಶಾಲೆಯ ಹುಡುಗಿಯರು ನೀರು ನುಂಗುತ್ತಿರಲಿಲ್ಲ.

ಇದನ್ನು ಕಂಡವಳು ನಾನು. ಆ ಹೈಸ್ಕೂಲಿನಲ್ಲಿ ಮಧ್ಯಾಹ್ನದ ಊಟ ಬೇಯಿಸುವ ಕೆಲಸ ನನ್ನದು. ಬಡಿಸಿದ ಮೇಲೆ ನಲ್ಲಿಗಳ ಸಾಲಿನ ಪಕ್ಕ ಕೂತು ಹಂಡೆ ಉಜ್ಜುತ್ತೇನೆ. ಹುಡುಗರು ತಟ್ಟೆ ತೊಳೆದು, ನಲ್ಲಿಗೆ ಬಾಯಿ ಕೊಟ್ಟು, ಹೊಟ್ಟೆ ಉಬ್ಬುವ ತನಕ ಕುಡಿದು, ಅಂಗಿಯ ತೋಳಿಗೆ ಮೂತಿ ಒರೆಸಿಕೊಂಡು ಓಡುತ್ತಾರೆ. ಹುಡುಗಿಯರದು ಹಾಗಲ್ಲ. ಬೊಗಸೆಯಲ್ಲಿ ನೀರು ಹಿಡಿಯುತ್ತಿದ್ದರು. ಬಾಯಿಗೆ ಹಾಕುತ್ತಿದ್ದರು. ಕೆನ್ನೆ ಉಬ್ಬಿಸಿ ಆ ಕಡೆಯಿಂದ ಈ ಕಡೆ ಆಡಿಸುತ್ತಿದ್ದರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ಉಗುಳುತ್ತಿದ್ದರು. ಪೂರ್ತಿ.

ಬೇಸಿಗೆಯಲ್ಲೂ ಅಷ್ಟೇ. ತಗಡಿನ ಮಾಡು ಕಾದು ತರಗತಿಯೊಳಗೆ ಮಕ್ಕಳು ಬೆಂದುಹೋಗುವ ದಿನಗಳಲ್ಲೂ ಅಷ್ಟೇ. ತುಟಿ ಒಡೆದಿರುತ್ತಿತ್ತು. ನೀರು ಮಾತ್ರ ನೆಲದ ಪಾಲು.

ನನ್ನ ಅಡುಗೆಯಲ್ಲೇ ಏನೋ ತಪ್ಪಿದೆ ಅಂದುಕೊಂಡೆ. ಒಂದು ದಿನ ಕೇಳಿಯೇಬಿಟ್ಟೆ.

"ಯಾಕ್ರೇ, ಉಪ್ಪು ಜಾಸ್ತಿಯಾಗಿದ್ಯಾ?"

"ಜಾಸ್ತಿಯಾದ್ರೆ ಕುಡೀಬೇಕಾಗುತ್ತೆ ಆಂಟಿ. ಕಮ್ಮೀನೇ ಹಾಕಿ," ಎಂದಳು ಒಬ್ಬಳು. ಅವಳ ಜಡೆ ಸೊಂಟ ದಾಟಿತ್ತು. ಎಲ್ಲರೂ ಅವಳನ್ನು ಉದ್ದಜಡೆ ಅಂತಲೇ ಕರೆಯುತ್ತಿದ್ದರು.

"ಮತ್ತೆ ಉಗುಳೋದ್ಯಾಕೆ?"

"ನುಂಗಿದ್ರೆ ಬರುತ್ತಲ್ಲ."

"ಏನು ಬರುತ್ತೆ?"

ಅವರವರಲ್ಲೇ ಮುಖ ಮುಖ ನೋಡಿಕೊಂಡರು. "ಏನು ಬರುತ್ತೋ ಅದೇ. ಬಂದ್ರೆ ಹೋಗ್ಬೇಕಲ್ಲ. ಎಲ್ಲಿಗೆ ಹೋಗೋಣ, ನಿಮ್ಮ ಹಂಡೆ ಹಿಂದಕ್ಕಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗು ಮುಗಿದ ಮೇಲೆ ಹಂಡೆಯ ತಳ ಉಜ್ಜುತ್ತಾ ಕೂತೆ.

ನಗರದ ನಡುವಿನ ಶಾಲೆ ಅದು. ಒಂದು ಕಡೆ ಬಸ್ ಡಿಪೋ, ಇನ್ನೊಂದು ಕಡೆ ಗೋದಾಮುಗಳು. ಮೂಟೆ ಹೊರುವವರು, ಮನೆಗೆಲಸದವರು, ತಳ್ಳುಗಾಡಿಯವರು, ಕಸ ಆಯುವವರು, ಇವರ ಮಕ್ಕಳು ಬರುವ ಶಾಲೆ. ಬೇರೆ ಯಾರೂ ಬರುವುದಿಲ್ಲ. ಅಲ್ಲಿ ಪಾಠ ಹೇಳುವವರ ಮಕ್ಕಳೂ ಬರುವುದಿಲ್ಲ.

ಹುಡುಗಿಯರಿಗೆ ಶೌಚಾಲಯ ಇರಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಇತ್ತು. ಅದರ ಗೋಡೆಯ ಮೇಲೆ ಪುಸ್ತಕ ಹಿಡಿದು ನಗುವ ಹುಡುಗಿಯ ಚಿತ್ರವೂ ಇತ್ತು. ಅದಕ್ಕೆ ನೀರೇರಿಸುವ ಪಂಪು ಸುಟ್ಟಿತು. ನೀರು ನಿಂತಿತು. ನಾತ ಎದ್ದಿತು. ಬಾಗಿಲಿಗೆ ಬೀಗ ಬಿತ್ತು. ಆಮೇಲೆ ಕಾಲು ಮುರಿದ ಬೆಂಚುಗಳನ್ನೆಲ್ಲ ಅದರೊಳಗೆ ಮಾಡು ಮುಟ್ಟುವ ಹಾಗೆ ಪೇರಿಸಿದರು. ಎಲ್ಲ ಒಂದೊಂದಾಗಿ ಆಯಿತು. ಒಂದೊಂದಾಗಿ ಆದದ್ದಕ್ಕೆ ಯಾರೂ ಹೊಣೆಯಲ್ಲ. ಹುಡುಗರಿಗೆ ಹಿಂದಿನ ಕಾಂಪೌಂಡ್ ಗೋಡೆ ಇತ್ತು. ಹುಡುಗಿಯರಿಗೆ ಚಿತ್ರ ಇತ್ತು.

ಮೇಷ್ಟ್ರುಗಳದು ಬೇರೆ. ಮಹಡಿಯ ಮೇಲೆ, ಸ್ಟಾಫ್ ರೂಮಿನ ಪಕ್ಕ. ಬಿಳಿ ಟೈಲ್ಸು, ಕನ್ನಡಿ, ಸೋಪು. ಬಾಗಿಲಿಗೆ ಗಟ್ಟಿ ಬೀಗ. ಅದರ ಕೀ ಹೆಡ್ ಮೇಡಂ ಕೋಣೆಯ ಗೋಡೆಯಲ್ಲಿ ಒಂದು ಮೊಳೆಗೆ ನೇತಾಡುತ್ತಿತ್ತು.

ಅದನ್ನು ತೊಳೆಯುತ್ತಿದ್ದವಳು ನನ್ನ ಅಕ್ಕ. ಒಡಹುಟ್ಟಿದ ಅಕ್ಕ. ಶಾಲೆಯಲ್ಲಿ ಎಲ್ಲರಿಗೂ ಅವಳು ಆಯಾ.

ಮಹಡಿಗೆ ನೀರು ಏರುತ್ತಿರಲಿಲ್ಲ. ಅಕ್ಕ ಕೆಳಗಿನ ನಲ್ಲಿಯಿಂದ ಬಕೆಟ್ಟಿನಲ್ಲಿ ಹೊತ್ತು ಹತ್ತುತ್ತಿದ್ದಳು. ಆಸಿಡ್ ಸುರಿದು, ಮೂಗಿಗೆ ಬಟ್ಟೆ ಕಟ್ಟಿ, ಮೊಣಕಾಲೂರಿ ಉಜ್ಜುತ್ತಿದ್ದಳು. ಬೆರಳ ಸಂದಿಯ ಚರ್ಮ ಸುಲಿದು ಬೆಳ್ಳಗಾಗಿತ್ತು. ಅವಳು ಬಕೆಟ್ ಹಿಡಿದು ಇಳಿಯುವಾಗ ಎದುರು ಬಂದ ಮೇಷ್ಟ್ರುಗಳು ಗೋಡೆಗೆ ಅಂಟಿಕೊಂಡು ಉಸಿರು ಹಿಡಿಯುತ್ತಿದ್ದರು. ಮನೆಯಲ್ಲಿ ಊಟಕ್ಕೆ ಕೂತಾಗ ಅಕ್ಕ ಮೊದಲು ತನ್ನ ಬಲಗೈ ಮೂಸಿ ನೋಡುತ್ತಿದ್ದಳು. ದಿನಾ. ಆಮೇಲೆ ತುತ್ತು ಎತ್ತುತ್ತಿದ್ದಳು.

ಅವಳು ತೊಳೆದ ಜಾಗದಲ್ಲಿ ಅವಳು ಕೂರುವ ಹಾಗಿರಲಿಲ್ಲ. ಹಾಗಂತ ಯಾರೂ ಬರೆದು ಅಂಟಿಸಿರಲಿಲ್ಲ. ಕೆಲಸಕ್ಕೆ ಸೇರಿದ ದಿನ ಗುಮಾಸ್ತ ಕೀ ಕೊಟ್ಟು, "ತೊಳೆದ ತಕ್ಷಣ ತಂದು ಮೊಳೆಗೆ ಹಾಕ್ಬೇಕು" ಎಂದಿದ್ದ. ತಕ್ಷಣ ಎಂಬ ಮಾತಿನಲ್ಲಿ ಎಲ್ಲವೂ ಇತ್ತು. ಅಕ್ಕನೂ ಬೆಳಗಿನಿಂದ ಸಂಜೆಯ ತನಕ ತಡೆದುಕೊಳ್ಳುತ್ತಿದ್ದಳು. ನಾನೂ.

ತಡ್ಕೋ. ಇದು ನಮ್ಮ ಅಮ್ಮನ ಮಾತು. ಬೀದಿಗೆಲ್ಲ ಸೇರಿ ಇದ್ದ ಒಂದೇ ಕಕ್ಕಸಿನ ಮುಂದೆ ಸಾಲು ನಿಂತಾಗ ಅಮ್ಮ ನಮ್ಮ ಭುಜ ಅದುಮಿ ತಡ್ಕೋ ಅನ್ನುತ್ತಿದ್ದಳು. ಹಸಿದಾಗಲೂ ಅದೇ. ಅಕ್ಕನಿಗೆ ಹೆರಿಗೆ ನೋವು ಬಂದಾಗಲೂ ಅದೇ. ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ, ಪದಗಳು ಬರುತ್ತಿದ್ದವು. ಕಂಡವರ ಮನೆಯ ಬಟ್ಟೆ ಒಗೆಯುತ್ತಾ, ಕಲ್ಲಿಗೆ ಬಡಿಯುವ ಏಟಿಗೆ ಸರಿಯಾಗಿ ದೇವರ ಪದ ಹೇಳುತ್ತಿದ್ದಳು. ನಾವಿಬ್ಬರೂ ಸೋಪಿನ ನೊರೆಯಲ್ಲಿ ಕಾಲಿಟ್ಟುಕೊಂಡು ಕೇಳುತ್ತಿದ್ದೆವು. ಒಂದು ಕಿವಿಗೆ ತಡ್ಕೋ, ಇನ್ನೊಂದು ಕಿವಿಗೆ ದೇವರು. ಹಾಗೆ ಬೆಳೆದೆವು.

ಆ ಪದಗಳೆಲ್ಲ ಅಕ್ಕನ ಮಗಳಿಗೆ ಬಂದಿದ್ದವು.

ಅಕ್ಕನಿಗೆ ಒಬ್ಬಳೇ ಮಗಳು. ಅದೇ ಶಾಲೆಯಲ್ಲಿ ಓದುತ್ತಿದ್ದಳು. ಅವಳಿಗೆ ಮೈಕು ಅಂತ ಹೆಸರು ಬಿದ್ದಿತ್ತು. ಬೆಳಗಿನ ಪ್ರಾರ್ಥನೆ ಹೇಳುವವಳು ಅವಳೇ. ಒಂದು ದಿನ ಕರೆಂಟ್ ಹೋಗಿ ಮೈಕು ಸತ್ತಿತ್ತಂತೆ. ಇವಳು ಬರೀ ಗಂಟಲಲ್ಲಿ ಹೇಳಿದ್ದು ಡಿಪೋದ ಡ್ರೈವರುಗಳಿಗೆ ಕೇಳಿಸಿತ್ತಂತೆ. ಡ್ರಿಲ್ ಮೇಷ್ಟ್ರು, "ಇವಳಿರೋವಾಗ ಕರೆಂಟ್ ಬಿಲ್ ಯಾಕೆ ಕಟ್ತೀರಿ" ಎಂದಿದ್ದರು. ಅವತ್ತಿನಿಂದ ಅವಳು ಮೈಕು. ಮನೆಯಲ್ಲಿ ಮಾತ್ರ ಮಾತು ಕಮ್ಮಿ. "ನಮ್ಮ ಮೈಕು ಮನೆಗೆ ಬಂದ್ರೆ ಸ್ವಿಚ್ ಆಫ್" ಎಂದು ಭಾವ ನಗುತ್ತಿದ್ದರು. ಭಾವ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದರು.

ಅವಳು ಹೇಳುತ್ತಿದ್ದದ್ದು ನಮ್ಮ ಅಮ್ಮನ ಪದ. ಭಾಷೆ ಮೇಷ್ಟ್ರು ಕೇಳಿ ಮೆಚ್ಚಿ, ಶಾಲೆಯ ಪ್ರಾರ್ಥನೆಗೆ ಸೇರಿಸಿದ್ದರು.

ಹರಿವ ನೀರಿಗೆ ಹೆಸರ ಕೇಳರು,
ಸುರಿವ ಬೆಳಕಿಗೆ ಬೀಗವಿಕ್ಕರು,
ನಿನ್ನ ಮನೆಯಲಿ ನನಗು ಒಂದೆಡೆ
ಇರಿಸು ತಂದೆಯೆ, ಇರಿಸು.

ಕೊನೆಯ 'ಇರಿಸು' ಅನ್ನುವಾಗ ಅವಳು ದನಿಯನ್ನು ಇಳಿಸುತ್ತಿದ್ದಳು. ಮಗುವನ್ನು ತೊಟ್ಟಿಲಲ್ಲಿ ಇಡುವ ಹಾಗೆ. ನಾನು ಒಲೆಯ ಮುಂದೆ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಕೇಳುತ್ತಿದ್ದೆ. ಮಹಡಿಯಲ್ಲಿ ಅಕ್ಕನ ಬ್ರಶ್ಶೂ ಆಗ ನಿಲ್ಲುತ್ತಿತ್ತು.

ನಮ್ಮ ಬೀದಿಗೆ ನೀರು ಬರುವುದೇ ಅಪರೂಪ. ಬಂದಾಗ ಹೆಂಗಸರೆಲ್ಲ ಕೊಡ ಹಿಡಿದು ಜಗಳಕ್ಕೆ ನಿಲ್ಲುತ್ತೇವೆ. ಅಂಥಾ ನೀರಲ್ಲೇ ಅಕ್ಕ ಮಗಳಿಗೆ ಒಂದು ದೊಡ್ಡ ಬಾಟಲಿ ತುಂಬಿಸಿ ಕಳಿಸುತ್ತಿದ್ದಳು. ಸಂಜೆ ಮೈಕು ಬಾಟಲಿಯನ್ನು ತುಂಬಿಯೇ ತರುತ್ತಿದ್ದಳು.

"ಮನೆಗೆ ನೀರು ತಂದಿದೀನಿ ಅಮ್ಮ," ಅನ್ನುತ್ತಿದ್ದಳು.

ಅಕ್ಕ ಅದನ್ನು ಮಡಕೆಗೆ ಸುರಿಯುತ್ತಿದ್ದಳು. ಪಕ್ಕದ ಮನೆಯವಳಿಗೆ ಕೇಳುವ ಹಾಗೆ ಹೇಳುತ್ತಿದ್ದಳು: "ನನ್ನ ಮಗಳು ಬರೀ ಕೈಲಿ ಮನೆಗೆ ಬರಲ್ಲಪ್ಪ. ತನ್ನ ಪಾಲಿಂದು ಕುಡಿದು, ಶಾಲೆ ನಲ್ಲೀಲಿ ಮತ್ತೆ ತುಂಬಿಸ್ಕೊಂಡೇ ಬರ್ತಾಳೆ."

ನಾನೂ ಹಾಗೇ ಅಂದುಕೊಂಡಿದ್ದೆ. ನೀರು ಹೊತ್ತು ಬದುಕಿದವರಿಗೆ ತುಂಬಿದ ಬಾಟಲಿ ಕಂಡರೆ ಬೇರೆ ಯೋಚನೆ ಬರುವುದಿಲ್ಲ.

ಒಂದು ದಿನ ನಾನು ಉಗ್ರಾಣದ ಬೇಳೆಗೆಂದು ಹೆಡ್ ಮೇಡಂ ಕೋಣೆಗೆ ಹೋಗಿದ್ದೆ. ಪಾಠ ನಡೆಯುವ ಹೊತ್ತು. ಮೈಕು ಬಂದು ಬಾಗಿಲಲ್ಲಿ ನಿಂತಳು. ಹೊಟ್ಟೆಯ ಕೆಳಗೆ ಕೈ ಒತ್ತಿಕೊಂಡಿದ್ದಳು.

"ಮೇಡಂ, ಕೀ ಬೇಕಿತ್ತು."

"ಯಾವ ಕೀ?"

"ಮೇಲಿಂದು."

"ಮೇಲಿಂದು ಸ್ಟಾಫಿಗೆ," ಎಂದ ಗುಮಾಸ್ತ.

"ಗೊತ್ತು ಸಾರ್. ತುಂಬಾ ನೋಯ್ತಿದೆ. ಒಂದೇ ಒಂದ್ಸಲ."

ಹೆಡ್ ಮೇಡಂ ಬರೆಯುತ್ತಿದ್ದ ಕಾಗದದಿಂದ ತಲೆ ಎತ್ತಲಿಲ್ಲ. "ಇವತ್ತು ನಿನಗೆ ಒಂದ್ಸಲ. ನಾಳೆ ಇಡೀ ಕ್ಲಾಸಿಗೆ ಒಂದ್ಸಲ. ನಾಡಿದ್ದು ಅಲ್ಲಿ ಕಾಲಿಡೋ ಹಾಗಿರಲ್ಲ. ಅದಕ್ಕೆಲ್ಲ ಬಳಸಿ ಅಭ್ಯಾಸ ಇರ್ಬೇಕಮ್ಮ. ನಿಮ್ಮ ಮನೇಲಿದ್ಯಾ?"

"ಇಲ್ಲ ಮೇಡಂ. ಬೀದಿಗೆಲ್ಲ ಸೇರಿ ಒಂದಿದೆ."

"ನೋಡು ಮತ್ತೆ."

"ನಿಮ್ಮಮ್ಮ ತೊಳೀತಾಳೆ ಅಂದ ಮಾತ್ರಕ್ಕೆ ಅದು ನಿಮ್ಮಪ್ಪನ ಆಸ್ತಿ ಆಗೋಯ್ತಾ?" ಎಂದ ಗುಮಾಸ್ತ. ಚಾಕ್‌ಪೀಸಿಗೆ ಬಂದು ನಿಂತಿದ್ದ ಹುಡುಗರ ಕಡೆ ನೋಡಿ ನಕ್ಕ. ಅವರೂ ನಕ್ಕರು.

ಆಗಲೇ ಅಕ್ಕ ಮಹಡಿ ಇಳಿದು ಬಂದಳು. ಒಂದು ಕೈಯಲ್ಲಿ ಬಕೆಟ್ಟು. ಇನ್ನೊಂದರಲ್ಲಿ ಕೀ.

ಮಗಳು ಕೀ ನೋಡಿದಳು. ಆಮೇಲೆ ಅಮ್ಮನನ್ನು ನೋಡಿದಳು. ಅಕ್ಕ ಒಳಗೆ ಹೋಗಿ ಕೀಯನ್ನು ಮೊಳೆಗೆ ಹಾಕಿದಳು. ಅದು ಗೋಡೆಗೆ ತಾಗಿ ಅತ್ತಿತ್ತ ಆಡಿ ನಿಂತಿತು. ಹೊರಗೆ ಬಂದು, ಕೈಯಲ್ಲಿ ಆಸಿಡ್ ಇದ್ದುದರಿಂದ ಮೊಣಕೈಯಲ್ಲಿ ಮಗಳ ಭುಜ ಮುಟ್ಟಿದಳು.

"ಸ್ವಲ್ಪ ತಡ್ಕೋ ಮಗಳೇ. ಇನ್ನೇನು ಲಾಂಗ್ ಬೆಲ್ ಆಗುತ್ತೆ."

"ಹೂಂ," ಎಂದಳು ಮೈಕು.

ಶಾಲೆ ಬಿಡುವ ಲಾಂಗ್ ಬೆಲ್ಲಿಗೆ ಇನ್ನೂ ಅರ್ಧ ದಿನ ಇತ್ತು.

ಆಮೇಲೆ ಅವಳಿಗೆ ಬಂದು ಹೋಗಿ ಮಾಡುವ ಜ್ವರ. ಸೊಂಟ ನೋವು ಅಂದಳು. ಹೆಣ್ಣುಮಕ್ಕಳಿಗೆ ಬರುವ ನೋವು ಅಂತ ಅಕ್ಕ ಬಿಸಿನೀರಿನ ಬಟ್ಟೆ ಇಟ್ಟಳು. ಸುಸ್ತಾಗಿದ್ದಾಳೆ ಅಂತ ಬಾಟಲಿಯ ನೀರಿಗೆ ಸಕ್ಕರೆ, ಒಂದು ಚಿಟಿಕೆ ಉಪ್ಪು ಹಾಕಿ ಕಳಿಸಿದಳು.

ಮರುದಿನ ಬೆಳಿಗ್ಗೆ ಪ್ರಾರ್ಥನೆಯಲ್ಲಿ ದನಿ ಒಡೆಯಿತು. 'ನಿನ್ನ ಮನೆಯಲಿ' ಅನ್ನುವಲ್ಲಿ. ನಾನು ಒಲೆ ಬಿಟ್ಟು ಹೊರಗೆ ಬಂದೆ. ಮೈಕು ಕಂಬ ಹಿಡಿದುಕೊಂಡಿದ್ದಳು.

"ಜೋರಾಗಿ," ಎಂದರು ಡ್ರಿಲ್ ಮೇಷ್ಟ್ರು.

ಅವಳು ಜೋರಾಗಿಯೇ ಮುಗಿಸಿದಳು. ಇರಿಸು ತಂದೆಯೆ, ಇರಿಸು. ಮುಗಿಸಿ ಅಲ್ಲೇ ಕುಸಿದು ಕೂತಳು. ಇಡೀ ಶಾಲೆಯ ಮುಂದೆ ಅವಳ ಲಂಗ ಒದ್ದೆಯಾಯಿತು. ನೆಲ ಒದ್ದೆಯಾಯಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಭಾಷೆ ಮೇಷ್ಟ್ರು ಮುಖ ಆ ಕಡೆ ತಿರುಗಿಸಿದರು. ಉದ್ದಜಡೆ ಸಾಲು ಬಿಟ್ಟು ಓಡಿ ಬಂದು, ತನ್ನ ಲಂಗ ಅಗಲಿಸಿ ಗೆಳತಿಗೆ ಅಡ್ಡ ನಿಂತಳು.

ನಾನು ಎತ್ತಿಕೊಂಡೆ. ಮೈ ಇಸ್ತ್ರಿಪೆಟ್ಟಿಗೆಯ ಹಾಗೆ ಸುಡುತ್ತಿತ್ತು. ಕಿವಿಯ ಹತ್ತಿರ ಪಿಸುಗುಟ್ಟಿದಳು: "ಚಿಕ್ಕಮ್ಮ, ಎಲ್ಲರೂ ನೋಡಿದ್ರಾ?"

"ಯಾರೂ ನೋಡಿಲ್ಲ ಕಣೇ," ಎಂದೆ.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ಸೊಂಟದ ಪಕ್ಕ ಮೆಲ್ಲಗೆ ಮುಟ್ಟಿದ್ದಕ್ಕೆ ಮಗು ಚೀರಿತು.

"ಉರಿ ಯಾವಾಗಿಂದ ಇದೆ ಪುಟ್ಟ?"

"ಗೊತ್ತಿಲ್ಲ ಮೇಡಂ. ಎಲ್ಲರಿಗೂ ಇರುತ್ತಲ್ಲ."

"ಎಲ್ಲರಿಗೂ ಅಂದ್ರೆ?"

"ಕ್ಲಾಸಲ್ಲಿ. ಎಲ್ಲಾ ಹುಡುಗೀರ್ಗೂ."

ಡಾಕ್ಟರಮ್ಮ ಅಕ್ಕನ ಕಡೆ ತಿರುಗಿದರು. "ಮೂತ್ರ ಕಟ್ಟಿ ಕಟ್ಟಿ ಕಿಡ್ನಿ ತನಕ ಕೀವಾಗಿದೆ. ಮಗೂಗೆ ನೀರು ಕುಡಿಸ್ತಿರ್ಲಿಲ್ವೇನಮ್ಮ?"

"ಕುಡೀತಾಳೆ ಮೇಡಂ. ದಿನಾ ಬಾಟ್ಲಿ ಕಳಿಸ್ತೀನಿ. ಅದನ್ನ ಕುಡಿದು, ಮತ್ತೆ ಶಾಲೆ ನಲ್ಲೀಲಿ..."

ಅಕ್ಕ ಅಲ್ಲಿಗೆ ನಿಲ್ಲಿಸಿದಳು. ಮಂಚದ ಕಾಲ ಬಳಿ ಶಾಲೆಯ ಚೀಲ ಇತ್ತು. ಹಿಂದಿನ ದಿನದ ಬಾಟಲಿ ಅದರೊಳಗೇ ಉಳಿದಿತ್ತು. ಜ್ವರದಲ್ಲಿ ಬಂದು ಮಲಗಿದವಳು ಅದನ್ನು ತೆಗೆದಿರಲಿಲ್ಲ. ತುಂಬಿತ್ತು. ಅಕ್ಕ ಮುಚ್ಚಳ ತಿರುಗಿಸಿ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು.

ಸಿಹಿ ಇತ್ತು. ಸಕ್ಕರೆ, ಒಂದು ಚಿಟಿಕೆ ಉಪ್ಪು.

ಅವಳು ಆ ನೀರನ್ನು ನುಂಗಲಿಲ್ಲ. ಉಗುಳಲೂ ಇಲ್ಲ. ಕೆನ್ನೆ ಉಬ್ಬಿಸಿಕೊಂಡು ಹಾಗೇ ನಿಂತಳು. ನಲ್ಲಿಯ ಹತ್ತಿರದ ಹುಡುಗಿಯರ ಹಾಗೆ.

"ಬೈಬೇಡ ಅಮ್ಮ," ಎಂದಳು ಮೈಕು. "ಹೆಂಗಿದ್ರೂ ನಾನು ಕುಡಿಯೋ ಹಾಗಿರ್ಲಿಲ್ಲ. ಮನೇಲೂ ನೀರಿಲ್ಲ. ನಿಂಗೆ ಖುಷಿ ಆಗ್ತಿತ್ತಲ್ಲ."

ನಂಜು ರಕ್ತಕ್ಕೆ ಏರಿದೆ ಎಂದರು. ಸೂಜಿ ಚುಚ್ಚಿದರು, ಗ್ಲೂಕೋಸ್ ಸೀಸೆ ಕಟ್ಟಿದರು. ಭಾವ ಕೆಲಸ ಬಿಟ್ಟು ಬಂದು ಅವಳ ಪಾದ ಹಿಡಿದು ಕೂತರು. ನಾನು ಅಮ್ಮನ ಪದಗಳನ್ನೆಲ್ಲ ಮನಸ್ಸಿನಲ್ಲಿ ಹೇಳಿದೆ. ಗೊತ್ತಿದ್ದಷ್ಟು ಹೇಳಿದೆ. ಮುಗಿದ ಮೇಲೆ ಮತ್ತೆ ಮೊದಲಿಂದ ಹೇಳಿದೆ.

ಮಧ್ಯಾಹ್ನ, ಶಾಲೆಯಲ್ಲಿ ನಾನು ಬಡಿಸುವ ಹೊತ್ತು, ಮೈಕು ನೀರು ಕೇಳಿದಳು. ಅಕ್ಕ ತಲೆ ಎತ್ತಿ ಹಿಡಿದಳು. ನಾನು ಕುಡಿಸಿದೆ. ಅವಳಿಂದ ನುಂಗಲು ಆಗಲಿಲ್ಲ. ಬಾಯಿಯ ಪಕ್ಕದಿಂದ ಇಳಿದು ದಿಂಬು ನೆನೆಯಿತು.

ಅಷ್ಟೇ. ಅವಳು ಹೋದಳು.

ಸ್ವಲ್ಪ ದಿನ ಕಳೆದ ಮೇಲೆ ಗುಮಾಸ್ತ ಮನೆಗೆ ಹೇಳಿ ಕಳಿಸಿದ. ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ. ಇಲಾಖೆಯ ಸಾಹೇಬರು ಬರುತ್ತಾರೆ. ತಾಯಿ ಬರಲೇಬೇಕು. ಅಕ್ಕ ಎದ್ದು ಮುಖ ತೊಳೆದಳು. ಮೈಕುವಿನ ಚೀಲದಿಂದ ಆ ಬಾಟಲಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ನೀರು ಇನ್ನೂ ಅದರಲ್ಲೇ ಇತ್ತು. ಮಡಕೆಗೆ ಸುರಿಯಲು ಅವಳಿಗೆ ಕೈ ಬಂದಿರಲಿಲ್ಲ.

ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಒಂದು ಕುರ್ಚಿಯ ಮೇಲೆ ಮೈಕುವಿನ ಫೋಟೋ. ಗುಂಪಿನ ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದರು. ಪಕ್ಕದಲ್ಲಿ ಉದ್ದಜಡೆಯ ಅರ್ಧ ಭುಜ ಉಳಿದಿತ್ತು.

ಹೆಡ್ ಮೇಡಂ ಅಕ್ಕನನ್ನು ಒಳಗೆ ಕರೆದರು. ಕೂರು ಅನ್ನಲಿಲ್ಲ. "ನಿನ್ನ ಸಂಕಟ ನಮಗೆ ಅರ್ಥವಾಗುತ್ತಮ್ಮ. ಧೈರ್ಯ ತಂದ್ಕೋ." ಮುಂದುವರಿಸಿದರು: "ಬಂದಿದೀಯಲ್ಲ, ಹಾಗೇ ಮೇಲಿಂದನ್ನ ಒಂಚೂರು ಚೆನ್ನಾಗಿ ತೊಳೆದ್ಬಿಡು. ನೀನಿಲ್ಲದೆ ನಾರ್ತಿದೆ. ಸಾಹೇಬರು ಬರ್ತಾರೆ."

ನಾನು ಬಾಗಿಲಲ್ಲಿದ್ದೆ. ಅಕ್ಕ ಮೊಳೆಯಿಂದ ಕೀ ತೆಗೆದುಕೊಂಡಳು. ಬಾಟಲಿಯನ್ನು ನನ್ನ ಕೈಗೆ ಕೊಟ್ಟು ಬಕೆಟ್ ಹಿಡಿದಳು.

ತೊಳೆದಳು. ಯಾವತ್ತಿಗಿಂತ ಚೆನ್ನಾಗಿ ತೊಳೆದಳು. ಟೈಲ್ಸು ಮಿಂಚುವ ಹಾಗೆ, ಕನ್ನಡಿಯಲ್ಲಿ ಮುಖ ಕಾಣುವ ಹಾಗೆ. ಎರಡು ಬಕೆಟ್ ನೀರು ತುಂಬಿಸಿಟ್ಟಳು. ಬೀಗ ಹಾಕಿದಳು. ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

ಮೊಳೆ ಖಾಲಿ ಇತ್ತು.

ಕೆಳಗೆ ಸಭೆ ಶುರುವಾಯಿತು. ಸಾಹೇಬರು ದೂರದಿಂದ ಕಾರಲ್ಲಿ ಬಂದಿದ್ದರು. ಬಂದ ಕೂಡಲೇ ಚಹಾ ಕೊಟ್ಟರು, ಆಮೇಲೆ ತಣ್ಣನೆ ನೀರು ಕೊಟ್ಟರು. ಹೆಡ್ ಮೇಡಂ ಮಾತಾಡಿದರು. "ಸಹನೆಯೇ ಮೈವೆತ್ತಂಥ ಹುಡುಗಿ. ಎಂದೂ ಏನನ್ನೂ ಕೇಳಿದವಳಲ್ಲ."

ಕೇಳಿದ್ದಳು. ಒಂದು ಕೀ ಕೇಳಿದ್ದಳು.

ಸಾಹೇಬರು ಕುರ್ಚಿಯಲ್ಲಿ ಆ ಕಡೆ ಒಮ್ಮೆ ವಾಲಿದರು, ಈ ಕಡೆ ಒಮ್ಮೆ ವಾಲಿದರು. ಗುಮಾಸ್ತನನ್ನು ಕರೆದು ಕಿವಿಯಲ್ಲಿ ಏನೋ ಹೇಳಿದರು. ಗುಮಾಸ್ತ ಹೆಡ್ ಮೇಡಂ ಕೋಣೆಗೆ ಓಡಿದ. ಅಲ್ಲಿಂದ ಮಹಡಿಗೆ ಓಡಿದ. ನಾನು ಬಾಟಲಿ ಹಿಡಿದುಕೊಂಡು ಅವನ ಹಿಂದೆ ಹತ್ತಿದೆ.

"ಕೀ ಎಲ್ಲಿ?"

"ನನ್ನ ಹತ್ರ ಇದೆ," ಎಂದಳು ಅಕ್ಕ.

"ಕೊಡು ಬೇಗ. ಸಾಹೇಬ್ರಿಗೆ ಅರ್ಜೆಂಟಾಗಿದೆ."

"ತಡ್ಕೊಳ್ಳೋಕೆ ಹೇಳಿ."

ಗುಮಾಸ್ತನಿಗೆ ತನ್ನ ಕಿವಿಯ ಮೇಲೆ ಅನುಮಾನ ಬಂತು. "ಏನಂದೆ?"

"ಸ್ವಲ್ಪ ತಡ್ಕೊಳ್ಳೋಕೆ ಹೇಳಿ. ಲಾಂಗ್ ಬೆಲ್ ಆಗುತ್ತಲ್ಲ."

"ತಲೆ ನೆಟ್ಟಗಿದ್ಯಾ ನಿಂಗೆ? ಎಷ್ಟು ದೊಡ್ಡವ್ರು ಗೊತ್ತಾ ಅವ್ರು?"

"ದೊಡ್ಡವ್ರಲ್ವಾ. ಚೆನ್ನಾಗಿ ತಡ್ಕೋತಾರೆ. ನಮ್ಮ ಮಕ್ಕಳು ಚಿಕ್ಕವು, ಅವೇ ತಡ್ಕೊಂಡ್ವು."

ಹೆಡ್ ಮೇಡಂ ಏದುಸಿರು ಬಿಡುತ್ತಾ ಬಂದರು. ಹಿಂದೆ ಸಾಹೇಬರು, ಕರವಸ್ತ್ರದಲ್ಲಿ ಹಣೆ ಒರೆಸಿಕೊಳ್ಳುತ್ತಾ. ಅವರ ಹಿಂದೆ ಭಾಷೆ ಮೇಷ್ಟ್ರು. ಮೆಟ್ಟಿಲ ಕೆಳಗೆ ಹುಡುಗಿಯರು ಒಬ್ಬೊಬ್ಬರಾಗಿ ಸಾಲು ಬಿಟ್ಟು ಬಂದು ನಿಂತು ಮೇಲೆ ನೋಡುತ್ತಿದ್ದರು.

"ಇದೇನಮ್ಮ ಹಟ? ಕೆಲಸ ಹೋಗುತ್ತೆ ನಿಂದು."

"ಹೋಗ್ಲಿ ಮೇಡಂ. ಇನ್ಯಾರಿಗೆ ಅಂತ ದುಡೀಲಿ."

ಹೆಡ್ ಮೇಡಂ ದನಿ ತಗ್ಗಿಸಿದರು. "ಮಗು ಹೋಗಿದ್ದಕ್ಕೆ ನಮಗೂ ನೋವಿದೆ ಕಣಮ್ಮ."

"ಎಲ್ಲಿದೆ ಮೇಡಂ ನೋವು? ಅವಳಿಗೆ ಸೊಂಟದಲ್ಲಿತ್ತು."

ಸಾಹೇಬರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು.

"ಏನ್ರೀ ನೋಡ್ತಾ ನಿಂತಿದೀರಿ, ಕಿತ್ಕೊಳ್ರೀ," ಎಂದರು ಹೆಡ್ ಮೇಡಂ.

ಗುಮಾಸ್ತ ಬಗ್ಗಿದ. ಅಕ್ಕ ಮುಷ್ಟಿ ಮುಂದೆ ಚಾಚಿದಳು. ಆಸಿಡ್ಡು ಸುಲಿದ ಕೈ. ಈಗಷ್ಟೇ ಉಜ್ಜಿದ ಹಸಿ ಕೈ. ಕೀ ಬೇಕಿದ್ದರೆ ಅವನು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಿತ್ತು. ಅವನ ಕೈ ಅರ್ಧ ದಾರಿಗೆ ಬಂದು ನಿಂತಿತು. ವಾಪಸ್ ಹೋಯಿತು. ಹೆಡ್ ಮೇಡಂ ಭಾಷೆ ಮೇಷ್ಟ್ರ ಕಡೆ ನೋಡಿದರು. ಅವರು ತಲೆ ತಗ್ಗಿಸಿದರು. ಅವಳ ಕೈ ಮುಟ್ಟಲು ಅಲ್ಲಿ ಯಾರೂ ಇರಲಿಲ್ಲ. ಇಷ್ಟು ವರ್ಷ ಅವಳನ್ನು ಗೋಡೆಯಾಚೆ ಇಟ್ಟ ಅವರ ಹೇಸಿಗೆ, ಅವತ್ತೊಂದು ದಿನ ಅವಳನ್ನು ಕಾಯಿತು.

ಕೆಳಗಿಂದ ಉದ್ದಜಡೆ ಹತ್ತಿ ಬಂದಳು. ದೊಡ್ಡವರ ನಡುವೆ ನುಸುಳಿ ಬಂದು ಅಕ್ಕನ ಮುಂದೆ ನಿಂತಳು.

"ಅಮ್ಮ, ನಂಗೆ ಹೋಗ್ಬೇಕು."

ಅಷ್ಟು ಮೆತ್ತಗೆ ಹೇಳಿದಳು.

ಅಕ್ಕ ಎದ್ದಳು. ಬೀಗ ತೆಗೆದಳು. ಉದ್ದಜಡೆ ಒಳಗೆ ಹೋದಳು. ಅಕ್ಕ ಬಾಗಿಲೆಳೆದು ಹೊರಗೆ ಕಾವಲು ನಿಂತಳು. ನೀರಿನ ಸದ್ದಾಯಿತು. ಉದ್ದಜಡೆ ಹೊರಗೆ ಬಂದಳು. ಮುಖ ತೊಳೆದುಕೊಂಡಿದ್ದಳು. "ಸೋಪಿದೆ ಕಣ್ರೇ," ಎಂದು ಕೆಳಗಿನವರಿಗೆ ಹೇಳಿದಳು.

ಆಮೇಲೆ ಒಬ್ಬಳು ಬಂದಳು. ಅವಳ ಹಿಂದೆ ಇನ್ನೊಬ್ಬಳು. ಸಾಲು ಮೆಟ್ಟಿಲಿಳಿದು, ಕಾರಿಡಾರ್ ದಾಟಿ, ಅಂಗಳದ ಕುರ್ಚಿಗಳ ತನಕ ಹೋಯಿತು. ಫೋಟೋದ ತನಕ ಹೋಯಿತು. ನಾನು ಬಕೆಟ್ ಹಿಡಿದು ನಲ್ಲಿಗೆ ಇಳಿದೆ, ಹತ್ತಿದೆ, ಇಳಿದೆ.

ಸಾಹೇಬರು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟರು.

"ಸಾಲು ಅಲ್ಲಿಂದ ಇದೆ ಸಾಹೇಬ್ರೇ," ಎಂದಳು ಅಕ್ಕ. ಬೈದ ಹಾಗಿರಲಿಲ್ಲ. ದಾರಿ ಕೇಳಿದವರಿಗೆ ಹೇಳಿದ ಹಾಗಿತ್ತು.

ಅವರು ಸಾಲಿನ ಉದ್ದ ನೋಡಿದರು. ಇಳಿದು ಹೋಗಿ ಕಾರು ಹತ್ತಿದರು.

ಅಕ್ಕನ ಕೆಲಸ ಹೋಯಿತು. ಮೇಲಿನ ಬಾಗಿಲಿಗೆ ಹೊಸ ಬೀಗ ಬಂತು. ಅದನ್ನು ತೊಳೆಯಲು ಯಾರದೋ ಇನ್ನೊಬ್ಬ ಅಕ್ಕ ಬಂದಳು. ಹುಡುಗಿಯರ ತಾಯಂದಿರು ಮನೆಗೆಲಸ, ಗಾಡಿ, ಚೀಲ ಎಲ್ಲ ಬಿಟ್ಟು ಶಾಲೆಯ ಗೇಟಿನಲ್ಲಿ ಬಂದು ಕೂತರು. ಖಾಲಿ ಬಾಟಲಿ ಹಿಡಿದು ಕೂತರು. ಮುರಿದ ಬೆಂಚುಗಳು ಹೊರಗೆ ಬಂದವು. ಪಂಪು ಇನ್ನೂ ಬಂದಿಲ್ಲ. ನಾನು ಇವತ್ತಿಗೂ ಅಲ್ಲೇ ಬೇಯಿಸುತ್ತೇನೆ. ಪ್ರಾರ್ಥನೆಯನ್ನು ಈಗ ಟೇಪಿನಲ್ಲಿ ಹಾಕುತ್ತಾರೆ. ಬೇರೆ ಯಾವುದೋ ಪದ. ನಾನು ಅಕ್ಕಿ ಆರಿಸುವುದನ್ನು ನಿಲ್ಲಿಸುವುದಿಲ್ಲ.

ಆದರೆ ಅವತ್ತಿನ ಮಾತು ಇನ್ನೊಂದಿದೆ.

ಕೊನೆಯ ಹುಡುಗಿ ಹೊರಗೆ ಬಂದ ಮೇಲೆ ಅಕ್ಕ ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು. ಹೊರಗೆ ಬಂದು, ಕೀಯನ್ನು ಬೀಗದಲ್ಲೇ ಬಿಟ್ಟು ಕೆಳಗಿಳಿದಳು. ನಲ್ಲಿಗಳ ಹತ್ತಿರ ಬಂದು ನನ್ನ ಕೈಯಿಂದ ಬಾಟಲಿ ತೆಗೆದುಕೊಂಡಳು. ಅದರ ಹಳೆ ನೀರನ್ನು ನೆಲಕ್ಕೆ ಸುರಿದಳು, ನಿಧಾನವಾಗಿ, ಕೊನೆಯ ಹನಿಯ ತನಕ ನೋಡುತ್ತಾ. ಬಾಟಲಿ ತೊಳೆದಳು. ಹೊಸ ನೀರು ತುಂಬಿಸಿದಳು. ಉದ್ದಜಡೆಯನ್ನು ಕರೆದು ಕೊಟ್ಟಳು.

ಉದ್ದಜಡೆ ಬಾಯ್ತುಂಬ ಹಾಕಿಕೊಂಡಳು. ಕೆನ್ನೆ ಉಬ್ಬಿತು. ಆ ಕಡೆಯಿಂದ ಈ ಕಡೆ ಆಡಿಸಿದಳು. ಕಣ್ಣು ಮುಚ್ಚಿದಳು. ರೂಢಿಯಂತೆ ಮೋರಿಯ ಕಡೆ ಬಗ್ಗಿದಳು.

ಅಕ್ಕ ಅವಳ ಗದ್ದ ಹಿಡಿದು ಮೇಲೆತ್ತಿದಳು.

"ಉಗುಳಬೇಡ ಮಗಳೇ," ಎಂದಳು. "ನುಂಗು."